ಸುರಪುರದ ಟೇಲರ್ ಸಾಹೇಬ

(ಗಿರಣಿ ಕಾರ್ಮಿಕರ ವಾಚನಾಲಯದಲ್ಲಿ ಮಾಡಿದ ಭಾಷಣ)



ಹಿಂದಿನ ಸಭೆ ಮುಗಿದು ಚಾಪೆ ಸುತ್ತುತ್ತಿದ್ದಾಗ ನೂಲಿನ ಖಾತೆಯ ಹಿರಿಯರೊಬ್ಬರು ನಮ್ಮನ್ನು ತಡೆದು ಒಂದು ಮಾತು ಕೇಳಿದರು. "ಮಾಸ್ತರೇ, ಮೇಲೆ ಒಬ್ಬ ಒಳ್ಳೆಯ ಅಧಿಕಾರಿ ಕೂತರೆ ಸಾಕಲ್ಲವೇ? ಈ ಸಂಘ, ವಂತಿಗೆ, ಮೆರವಣಿಗೆ ಇವೆಲ್ಲ ಏತಕ್ಕೆ?" ಆಗ ನಾವು ನಕ್ಕು ಸುಮ್ಮನಾದೆವು. ಮನೆಗೆ ಹೋದ ಮೇಲೆ ನಕ್ಕದ್ದು ತಪ್ಪೆಂದು ತೋರಿತು. ಪ್ರಶ್ನೆ ಸಣ್ಣದಲ್ಲ. ಆದುದರಿಂದ ಇಂದು ನಮ್ಮ ನಾಡಿನಲ್ಲೇ ಆಳಿ ಹೋದ ಒಬ್ಬ ಒಳ್ಳೆಯ ಅಧಿಕಾರಿಯ ವೃತ್ತಾಂತವನ್ನೇ ಹೇಳುತ್ತೇವೆ. ನಿಜವಾಗಿಯೂ ಒಳ್ಳೆಯವನು, ಹೆಸರಿಗೆ ಮಾತ್ರವಲ್ಲ.

ಫಿಲಿಪ್ ಮೆಡೋಸ್ ಟೇಲರ್ ಎಂಬಾತ 1808ರಲ್ಲಿ ಇಂಗ್ಲೆಂಡಿನ ಲಿವರ್‌ಪೂಲಿನಲ್ಲಿ ಹುಟ್ಟಿದನು. ಲಿವರ್‌ಪೂಲ್ ಎಂದರೆ ಹತ್ತಿಯ ಬಂದರು. ಲ್ಯಾಂಕಶೈರಿನ ಗಿರಣಿಗಳಿಗೆ ಅಂಡಿಗೆ ಇಳಿಯುತ್ತಿದ್ದುದು ಅಲ್ಲಿಯೇ. ತಂದೆ ವ್ಯಾಪಾರಿ. ವ್ಯಾಪಾರ ಕುಸಿಯಿತು. ಹದಿನೈದು ವರ್ಷದ ಹುಡುಗನನ್ನು ಮುಂಬಯಿಯ ಒಬ್ಬ ವರ್ತಕನ ಕೈಗೆ ಒಪ್ಪಿಸಿ 1824ರಲ್ಲಿ ಹಡಗು ಹತ್ತಿಸಿದರು. ಕೆಲಸ ಕಲಿತರೆ ಮುಂದೆ ಪಾಲುದಾರಿಕೆ ಎಂಬ ಆಸೆ. ಬಂದು ನೋಡಿದರೆ ಆ ಅಂಗಡಿಯೇ ಮುಳುಗುತ್ತಿದೆ! ಇಲ್ಲಿ ಕುಳಿತ ಅಂಗಡಿಕಾರ ಮಿತ್ರರಿಗೆ ಆ ಹುಡುಗನ ಅವಸ್ಥೆಯನ್ನು ನಾವು ವಿವರಿಸಬೇಕಾಗಿಲ್ಲ. ಆದರೆ ಆತನಿಗೆ ಮುಂಬಯಿ ಸರ್ಕಾರದಲ್ಲಿ ದೊಡ್ಡ ಹುದ್ದೆಯ ಬಂಧುವೊಬ್ಬನಿದ್ದನು. ಅವನ ಶಿಫಾರಸಿನಿಂದ ಹೈದರಾಬಾದು ನಿಜಾಮನ ಸೈನ್ಯದಲ್ಲಿ ಲೆಫ್ಟೆನೆಂಟನ ಹುದ್ದೆ ಸಿಕ್ಕಿತು. ಶಿಫಾರಸು ಎಂಬುದು ನಿನ್ನೆ ಮೊನ್ನೆಯ ರೋಗವಲ್ಲ.

ಈ ಸೈನ್ಯದ ವಿಷಯವನ್ನು ಸ್ವಲ್ಪ ಗಮನವಿಟ್ಟು ಕೇಳಬೇಕು. ಸಂಬಳ ಕೊಡುವವನು ನಿಜಾಮ; ಹುಕುಂ ಕೊಡುವವರು ಇಂಗ್ಲಿಷ್ ಅಧಿಕಾರಿಗಳು. ಇಂಥ ಸೈನ್ಯ ಜಗತ್ತಿನಲ್ಲಿ ಎಲ್ಲಿ ಅಗ್ಗವಾಗಿ ಸಿಕ್ಕೀತು! ಸಂಬಳ ಬಾಕಿ ಬಿತ್ತು, ಬಾಕಿ ಸಾಲವಾಯಿತು, ಸಾಲ ಬೆಳೆಯಿತು. 1853ರಲ್ಲಿ ಆ ಸಾಲದ ಹೆಸರು ಹೇಳಿ ಕಂಪನಿ ಸರ್ಕಾರದವರು ವಿದರ್ಭದ ಹತ್ತಿ ಸೀಮೆಯನ್ನೂ, ನಮ್ಮ ರಾಯಚೂರು ದೋಆಬನ್ನೂ, ನಳದುರ್ಗದ ಪ್ರಾಂತವನ್ನೂ ತಮ್ಮ ಕೈಗೆ ತೆಗೆದುಕೊಂಡರು. ಸಾಹುಕಾರನು ತನ್ನ ಆಳನ್ನೇ ನಿಮ್ಮ ಮನೆಯಲ್ಲಿ ಕಾವಲಿಗಿಟ್ಟು, ಅವನ ಕೂಲಿಯನ್ನು ನಿಮ್ಮ ಲೆಕ್ಕಕ್ಕೆ ಬರೆದು, ಕೊನೆಗೆ ಹೊಲವನ್ನು ಬರೆಸಿಕೊಂಡ ಹಾಗೆ. ಟೇಲರ್ ಸಾಹೇಬನ ಅನ್ನ ಹುಟ್ಟಿದ್ದು ಈ ವ್ಯವಸ್ಥೆಯಲ್ಲಿ. ಆತ ಮಾಡಿದ ಸಾಲವೇನೂ ಅಲ್ಲ, ನಿಜ. ಆದರೂ ಇದನ್ನು ಮರೆತು ಆತನ ಗುಣಗಾನ ಮಾಡಲಾಗದು.

ಇನ್ನು ಗುಣಗಳು. ಆತ ಜನರ ಭಾಷೆ ಕಲಿತನು. ಮರಾಠಿ, ಹಿಂದೂಸ್ಥಾನಿ, ಪಾರಸಿ ಕಲಿತು ದುಭಾಷಿಯಿಲ್ಲದೆ ಹಳ್ಳಿಯವರ ಅಹವಾಲು ಕೇಳಿದನು. ಇಪ್ಪತ್ತು ತುಂಬುವ ಮೊದಲೇ ಪೊಲೀಸು ಇಲಾಖೆಯ ಜವಾಬ್ದಾರಿ ಬಿತ್ತು. ದಾರಿಹೋಕರನ್ನು ನಂಬಿಸಿ ಕತ್ತು ಬಿಗಿದು ಕೊಲ್ಲುತ್ತಿದ್ದ ಠಕ್ಕರ ಗುಂಪುಗಳ ಸುಳಿವು ತನಗೆ ಸಿಗುತ್ತಿತ್ತು, ಅಷ್ಟರಲ್ಲಿ ಮರಳಿ ರೆಜಿಮೆಂಟಿಗೆ ಕರೆಸಿಬಿಟ್ಟರು ಎಂದು ಆತ ಕೊನೆಯವರೆಗೂ ಕೊರಗಿದನು. ಆ ಸಾಮಗ್ರಿಯಿಂದಲೇ ಬರೆದ ಕಾದಂಬರಿ, ಒಬ್ಬ ಠಕ್ಕನ ತಪ್ಪೊಪ್ಪಿಗೆಯ ಕಥೆ, 1839ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. ಕೊಲೆಗಾರ ಅಮೀರ್ ಅಲಿ ತಾನೇ ತನ್ನ ಕಥೆ ಹೇಳಿಕೊಳ್ಳುತ್ತಾನೆ. ವಿಕ್ಟೋರಿಯಾ ರಾಣಿಯವರೆಗೂ ಅದರ ಕೀರ್ತಿ ಹೋಯಿತು. ಮರುವರ್ಷ ಟೀಪೂ ಸುಲ್ತಾನನ ಮೇಲೊಂದು ಕಾದಂಬರಿ. 1853ರವರೆಗೆ ಲಂಡನ್ನಿನ ಟೈಮ್ಸ್ ಪತ್ರಿಕೆಗೆ ಇಲ್ಲಿಂದ ಆತನೇ ಬಾತ್ಮೀದಾರ. ಹುದ್ದೆಯಲ್ಲಿದ್ದುಕೊಂಡೇ ಪತ್ರಿಕೆಗೆ ಬರೆಯುವುದು! ನಾವು ಶಾಲೆಯಲ್ಲಿದ್ದಾಗ ಪತ್ರಿಕೆಗೆ ಒಂದೇ ಒಂದು ಕಾಗದ ಬರೆದುದಕ್ಕೆ ನೋಟೀಸು ಬಂದಿತ್ತು. ಅದಿರಲಿ.

ಈಗ ಸುರಪುರಕ್ಕೆ ಬರೋಣ. ಈಗಿನ ಯಾದಗಿರಿ ಜಿಲ್ಲೆಯಲ್ಲಿರುವ ಸುರಪುರ ಬೇಡ ನಾಯಕರ ಸಂಸ್ಥಾನ. ಔರಂಗಜೇಬನ ಸೈನ್ಯವನ್ನೇ ದಣಿಸಿದ ಜನ. ಆದರೆ ಟೇಲರನು 1841ರಲ್ಲಿ ಅಲ್ಲಿಗೆ ಹೋದಾಗ ಅರಮನೆಯಲ್ಲಿ ಒಳಜಗಳ, ನಿಜಾಮನಿಗೆ ಕೊಡಬೇಕಾದ ಹಣದ ಹೊರೆ, ವಸೂಲಿಗೆ ತಳಬುಡವಿಲ್ಲ. ರಾಜಾ ಕೃಷ್ಣಪ್ಪ ನಾಯಕನು ತೀರಿಕೊಂಡ ಮೇಲೆ ಪಟ್ಟಕ್ಕೆ ಬಂದ ವೆಂಕಟಪ್ಪ ನಾಯಕನು ಇನ್ನೂ ಚಿಕ್ಕ ಹುಡುಗ. ತಾಯಿ ರಾಣಿ ಈಶ್ವರಮ್ಮನಿಗೂ ಸಾಹೇಬನಿಗೂ ಬಹಳ ಕಾಲ ತಿಕ್ಕಾಟ. ಹನ್ನೆರಡು ವರ್ಷ ಟೇಲರನು ಅಲ್ಲಿ ನಿಂತು ಕಾರಭಾರ ನೋಡಿದನು. ಲೆಕ್ಕಪತ್ರ ಸರಿಪಡಿಸಿದನು, ರಸ್ತೆ ಹಾಕಿಸಿದನು, ಬೋನಾಳದ ಕೆರೆಯ ಕೆಲಸ ಮಾಡಿಸಿದನು. ಇಂದು ಹಕ್ಕಿಗಳನ್ನು ನೋಡಲು ಜನ ಹೋಗುವ ಬೋನಾಳ ಅದೇ. ಗುಡ್ಡದ ಮೇಲೆ ಆತ ಕಟ್ಟಿಸಿದ ಬಂಗಲೆಗೆ ಜನ ಟೇಲರ್ ಮಂಜಿಲ್ ಎಂದೇ ಹೇಳುತ್ತಾರೆ. ಬಿಡುವಿನಲ್ಲಿ ಜೇವರ್ಗಿ, ಅಂದೋಲ, ರಾಜನಕೋಳೂರುಗಳ ಕಲ್ಲುಗೋರಿಗಳನ್ನು ಅಗೆಸಿ, ಅಳೆಸಿ ಲೇಖನ ಬರೆದನು. ಇತಿಹಾಸಕ್ಕಿಂತ ಹಿಂದಿನವರ ಸಮಾಧಿಗಳವು. ಊರವರಿಗೆ ಬರಿಯ ಕಲ್ಲಾಗಿದ್ದುದರಲ್ಲಿ ಚರಿತ್ರೆಯನ್ನು ಕಂಡ ಮೊದಲಿಗರಲ್ಲಿ ಆತನೊಬ್ಬನು.

ಪಾಮರ್ ಎಂಬ ಹೈದರಾಬಾದಿನ ಲೇವಾದೇವಿಗಾರನ ಮಗಳನ್ನು ಆತ 1832ರಲ್ಲಿ ಮದುವೆಯಾಗಿದ್ದನು. 1844ರಲ್ಲಿ ಆಕೆ ತೀರಿಕೊಂಡಳು. ಸಾಹೇಬನು ಒಂಟಿಯಾದನು. ಅರಮನೆಯ ಹುಡುಗನು ಆತನನ್ನು "ಅಪ್ಪಾ" ಎಂದು ಕರೆಯುತ್ತಿದ್ದನು. ಇದು ಟೇಲರನೇ ತನ್ನ ಆತ್ಮಚರಿತ್ರೆಯಲ್ಲಿ ಬರೆದ ಸಂಗತಿ, ಹೆಮ್ಮೆಯಿಂದಲೂ ದುಃಖದಿಂದಲೂ ಬರೆದದ್ದು.

1853ರಲ್ಲಿ ಹುಡುಗನು ಪ್ರಾಯಕ್ಕೆ ಬಂದನು. ಸಂಸ್ಥಾನವನ್ನು ಅವನಿಗೊಪ್ಪಿಸಿ ಟೇಲರನು ನಳದುರ್ಗಕ್ಕೆ ಹೊರಟನು. ಮುಂದೇನಾಯಿತು? ಕೆಲವೇ ವರ್ಷಗಳಲ್ಲಿ ಕಾರಭಾರ ಮತ್ತೆ ಕೆಟ್ಟಿತು. ಹಿರಿಯರೇ, ನಿಮ್ಮ ಪ್ರಶ್ನೆಗೆ ನಾವು ಮೊದಲು ತೋರಿಸುವುದು ಈ ಜಾಗವನ್ನೇ. ಹನ್ನೆರಡು ವರ್ಷದ ಶಿಸ್ತೆಲ್ಲ ಒಬ್ಬ ಮನುಷ್ಯನ ಮುಷ್ಟಿಯಲ್ಲಿತ್ತು. ಕಂದಾಯದ ಲೆಕ್ಕವನ್ನು ರೈತನು ಕೇಳುವ ಹಾಗೆ, ಕೆರೆಯ ನೀರನ್ನು ಊರವರೇ ಹಂಚಿಕೊಳ್ಳುವ ಹಾಗೆ, ರಾಜನ ಕೈಹಿಡಿದು ಪ್ರಜೆ ನಿಲ್ಲಿಸುವ ಹಾಗೆ ಒಂದು ಪಂಚಾಯಿತಿಯೂ ಬೇರೂರಲಿಲ್ಲ. ಸಾಹೇಬ ಕುದುರೆ ಹತ್ತಿದನು, ಶಿಸ್ತೂ ಅವನ ಹಿಂದೆಯೇ ಹೊರಟಿತು.

ಬಳಿಕ 1857 ಬಂದಿತು. ಟೇಲರನು ವಿದರ್ಭದ ಬುಲಢಾಣೆಯಲ್ಲಿದ್ದು, ಗೋರಾ ಪಲ್ಟನಿನ ಬೆಂಬಲವಿಲ್ಲದೆ ಆ ಸೀಮೆಯನ್ನು ಶಾಂತವಾಗಿರಿಸಿದನು. ಸುರಪುರ ಶಾಂತವಾಗಿರಲಿಲ್ಲ. 1858ರ ಫೆಬ್ರವರಿಯಲ್ಲಿ ವೆಂಕಟಪ್ಪ ನಾಯಕನು ಕಂಪನಿಯ ಸೈನ್ಯದ ಮೇಲೆ ಬಿದ್ದನು. ಕಾದಾಟದಲ್ಲಿ ನ್ಯೂಬೆರಿ ಎಂಬ ಕ್ಯಾಪ್ಟನನು ಸತ್ತನು. ಹೆಚ್ಚಿನ ದಂಡು ಬರುವ ಸುದ್ದಿ ತಿಳಿದು ರಾಜನು ಹೈದರಾಬಾದಿಗೆ ಹೋದನು, ಅಲ್ಲಿ ಸೆರೆ ಸಿಕ್ಕನು. ಸುರಪುರಕ್ಕೆ ಕಂಪನಿಯ ಕಮಿಷನರನಾಗಿ ಬಂದವನು ಯಾರು? ಅದೇ ಟೇಲರನು, ಅದೇ "ಅಪ್ಪ".

ಸೆರೆಮನೆಯಲ್ಲಿ ಆತ ಹುಡುಗನನ್ನು ಕಂಡನು. ಕಳ್ಳನ ಹಾಗೆ ನೇಣು ಬೇಡ, ತೋಪಿನ ಬಾಯಿಗಾದರೂ ಕಟ್ಟಲಿ, ಕರಿನೀರಂತೂ ಬೇಡವೇ ಬೇಡ ಎಂಬುದು ರಾಜನ ಮನಸ್ಸು. ಮರಣದಂಡನೆಯ ತೀರ್ಪಾಯಿತು, ಅದು ಕರಿನೀರಿಗಿಳಿಯಿತು, ಗವರ್ನರ್ ಜನರಲ್‌ರವರೆಗೆ ಹೋಗಿ ಚೆಂಗಲಪಟ್ಟಿನಲ್ಲಿ ನಾಲ್ಕು ವರ್ಷದ ಸೆರೆಯಾಯಿತು. ದಯೆ ತೋರಿಸಬೇಕೆಂದು ಟೇಲರನು ಹೇಳಿದ ಮಾತಿಗೂ ಇದರಲ್ಲಿ ಪಾಲುಂಟು. ಅದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಚೆಂಗಲಪಟ್ಟಿನ ದಾರಿಯಲ್ಲೇ, ಕಾವಲಿನ ಅಧಿಕಾರಿಯ ರಿವಾಲ್ವರಿನ ಗುಂಡಿನಿಂದ ರಾಜನು ಸತ್ತನು. ತಾನೇ ಹೊಡೆದುಕೊಂಡನೆಂಬುದು ಸರ್ಕಾರದ ದಫ್ತರದ ಮಾತು. ಇಪ್ಪತ್ತನಾಲ್ಕರ ಆಸುಪಾಸಿನ ಪ್ರಾಯ.

ನಾವು ಈ ಭಾಗವನ್ನು ಎರಡು ಸಲ ಓದಿದೆವು. ಟೇಲರನ ಸಂಕಟ ಸುಳ್ಳಲ್ಲ. ಮಗನನ್ನು ಕಳೆದುಕೊಂಡವನ ಸಂಕಟವೇ ಅದು. ಆದರೆ ರಾಜನು ಏಕೆ ದಂಗೆಯೆದ್ದನೆಂಬಲ್ಲಿಗೆ ಬಂದಾಗ ಆತನ ಲೇಖನಿ ದುಷ್ಟ ಸಲಹೆಗಾರರನ್ನೂ ಹುಡುಗನ ಚಪಲವನ್ನೂ ಕಾಣುತ್ತದೆ. ಪರದೇಶದ ಕಂಪನಿಯೊಂದು ಇಲ್ಲಿ ಆಳುವುದೇ ಸರಿಯೋ ಎಂಬ ಪ್ರಶ್ನೆ ಆತನ ಮೇಜಿನವರೆಗೆ ಬರುವುದಿಲ್ಲ. ಒಳ್ಳೆಯವನಿಗೂ ತಾನು ಕೂತ ಕುರ್ಚಿ ಕಾಣುವುದಿಲ್ಲ.

ಸಂಸ್ಥಾನದ ಗತಿ ಕೇಳಿರಿ. ಎರಡು ವರ್ಷ ಕಂಪನಿ ಮತ್ತು ರಾಣಿ ಸರ್ಕಾರದ ಕೈಯಲ್ಲಿಟ್ಟುಕೊಂಡು, 1860ರಲ್ಲಿ ಸುರಪುರವನ್ನು ನಿಜಾಮನಿಗೆ ಕೊಟ್ಟುಬಿಟ್ಟರು. ದಂಗೆಯಲ್ಲಿ ನಿಷ್ಠೆ ತೋರಿದ್ದಕ್ಕೆ ಇನಾಮು! ರಾಯಚೂರು ದೋಆಬವೂ ಮರಳಿ ಆತನಿಗೇ ಹೋಯಿತು. ಸುರಪುರದ ರೈತನನ್ನಾಗಲಿ, ಬೇಡನನ್ನಾಗಲಿ, ಪೇಟೆಯ ಅಂಗಡಿಕಾರನನ್ನಾಗಲಿ ಯಾರೂ ಒಂದು ಮಾತು ಕೇಳಲಿಲ್ಲ. ಹನ್ನೆರಡು ವರ್ಷ ದುಡಿದ ಟೇಲರನ ಅಭಿಪ್ರಾಯಕ್ಕೂ ಅಲ್ಲಿ ಬೆಲೆಯಿರಲಿಲ್ಲ.

ಅದೇ ವರ್ಷ ಆತ ದೇಹಸ್ಥಿತಿ ಕೆಟ್ಟು ಸ್ವದೇಶಕ್ಕೆ ಮರಳಿದನು. ಅಲ್ಲಿ ಕುಳಿತು ಶಿವಾಜಿಯ ಕಾಲದ ತಾರಾ, ಪ್ಲಾಸಿಯ ಕಾಲದ ರಾಲ್ಫ್ ಡಾರ್ನೆಲ್, ದಂಗೆಯ ಕಾಲದ ಸೀತಾ ಎಂಬ ಮೂರು ಕಾದಂಬರಿ ಬರೆದನು. 1657, 1757, 1857 ಎಂದು ನೂರು ನೂರು ವರ್ಷದ ಅಂತರ. ಚಾಂದಬೀಬಿಯ ಮೇಲೂ ಬರೆದನು. 1875ರಲ್ಲಿ, ಕಣ್ಣು ಮಂದವಾದ ಮೇಲೆ, ಸಾಲಾರ್ ಜಂಗರ ಕರೆಯ ಮೇರೆಗೆ ಮತ್ತೊಮ್ಮೆ ಹೈದರಾಬಾದಿಗೆ ಬಂದನು. ಹಿಂತಿರುಗುವಾಗ 1876ರ ಮೇ ತಿಂಗಳಲ್ಲಿ ಫ್ರಾನ್ಸಿನ ಮೆಂತೋನಿನಲ್ಲಿ ತೀರಿಕೊಂಡನು. ಆತ್ಮಚರಿತ್ರೆಯನ್ನು ಮರುವರ್ಷ ಮಗಳು ಪ್ರಕಟಿಸಿದಳು.

ಇಂಗ್ಲಿಷು ಬಲ್ಲ ಹುಡುಗರು ಅದನ್ನು ತಪ್ಪದೆ ಓದಬೇಕು. ಓದಿದವರು ಮುಂದಿನ ಸಭೆಯಲ್ಲಿ ಉಳಿದವರಿಗೆ ಹೇಳಬೇಕು. ಪಾಳಿಯ ಭೋಂಗಾ ಆಗಲು ಇನ್ನೂ ಅರ್ಧ ಗಂಟೆ ಇದೆ. ಹಿರಿಯರು ಮೊದಲು ಮಾತಾಡಲಿ.