ನಾಳ ಉಬ್ಬಿಸುವ ಉರಿಯೂತ

ಮನುಷ್ಯರ ರಕ್ತನಾಳದ ಕಥೆಯನ್ನು ನಾಯಿಯಿಂದ ಶುರುಮಾಡುವುದೇಕೆ ಎನ್ನಬೇಡಿ. ಯಲಹಂಕದ ಬೀದಿನಾಯಿಯೊಂದು ಸಗಣಿ ಹುಳ ತಿಂದಿತು ಅಂದುಕೊಳ್ಳಿ. ಅದರೊಳಗೆ ಸ್ಪೈರೋಸರ್ಕಾ ಎಂಬ ಪರಾವಲಂಬಿಯ ಮರಿಯಿದ್ದರೆ, ಅದು ನಾಯಿಯ ಜಠರ ಕೊರೆದು, ರಕ್ತನಾಳದ ಜಾಡು ಹಿಡಿದು ಎದೆಯ ಮಹಾಪಧಮನಿ ಸೇರುತ್ತದೆ. ಅಲ್ಲಿ ಸುಮಾರು ಮೂರು ತಿಂಗಳು ಬೀಡು. ಹುಳದ ಓಡಾಟ ಒಂದು ಕಡೆ, ಅದನ್ನು ಅಟ್ಟಲು ಬಂದ ಬಿಳಿ ರಕ್ತಕಣಗಳ ದಾಳಿ, ಅಂದರೆ ಉರಿಯೂತ, ಇನ್ನೊಂದು ಕಡೆ. ನಾಳದ ಗೋಡೆ ಸಡಿಲವಾಗಿ ಉಬ್ಬುತ್ತದೆ. ಹುಳ ಅನ್ನನಾಳಕ್ಕೆ ಹೊರಟುಹೋದರೂ ಉಬ್ಬು ಉಳಿಯುತ್ತದೆ. ಇದೇ ಅನ್ಯೂರಿಸಂ.

ಎರಡನೆಯ ಶತಮಾನದಲ್ಲೇ ಗ್ರೀಕ್ ವೈದ್ಯ ಗ್ಯಾಲೆನ್ ಮನುಷ್ಯರಲ್ಲಿ ಇಂಥ ಉಬ್ಬನ್ನು ಬಣ್ಣಿಸಿದ್ದ. ಅದರ ಹಿಂದೆ ಉರಿಯೂತವಿರಬಹುದೆಂಬುದು ಗಟ್ಟಿಯಾದದ್ದು 19ನೇ ಶತಮಾನದಲ್ಲಿ, ಸಿಫಿಲಿಸ್ ರೋಗಿಗಳ ಶವಪರೀಕ್ಷೆಯಿಂದ. ಪೆನಿಸಿಲಿನ್ ಬಂದ ಮೇಲೆ ಆ ಬಗೆ ವಿರಳವಾಯಿತು. ಉಳಿದ ಉಬ್ಬುಗಳನ್ನು ವಯಸ್ಸಿನ ಸವೆತವೆಂದು ಬಹುಕಾಲ ಬದಿಗಿಟ್ಟರು.

ಇಲ್ಲೊಂದು ವಿಚಿತ್ರ. 1948ರಲ್ಲಿ ಆಲ್ಬರ್ಟ್ ಐನ್‌ಸ್ಟೈನರ ಹೊಟ್ಟೆಯ ಮಹಾಪಧಮನಿಯ ಉಬ್ಬಿಗೆ ಶಸ್ತ್ರವೈದ್ಯ ರುಡಾಲ್ಫ್ ನಿಸ್ಸೆನ್ ಸೆಲ್ಲೋಫೇನ್ ಹಾಳೆ ಸುತ್ತಿದರು. ಹಾಳೆ ಕೆರಳಿಸಬೇಕು, ಊತ ಬರಬೇಕು, ಗಾಯದ ಕಲೆ ಗಟ್ಟಿಕಟ್ಟಬೇಕು ಎಂಬ ಲೆಕ್ಕ. ಉರಿಯೂತವನ್ನೇ ಕೂಲಿಗೆ ಕರೆದಂತೆ! ಐನ್‌ಸ್ಟೈನ್ ಆರು ವರ್ಷಕ್ಕೂ ಮಿಕ್ಕಿ ಬದುಕಿದರು; 1955ರ ಏಪ್ರಿಲ್ 18ರಂದು, ಒಡೆದ ನಾಳಕ್ಕೆ ಮತ್ತೆ ಶಸ್ತ್ರಚಿಕಿತ್ಸೆ ಬೇಡವೆಂದು, ತೀರಿಕೊಂಡರು.

ಮುಂದೆ ಸೂಕ್ಷ್ಮದರ್ಶಕ ತೋರಿಸಿದ್ದು ಬೇರೆಯೇ. ಉಬ್ಬಿದ ಗೋಡೆಯಲ್ಲಿ ಮ್ಯಾಕ್ರೋಫೇಜ್, ಟಿ-ಕಣಗಳೆಂಬ ಬಿಳಿ ರಕ್ತಕಣಗಳ ಜಮಾವಣೆ. ಅಲ್ಲಿ ಸುರಿಯುವ ಕಿಣ್ವಗಳು ನಾಳಕ್ಕೆ ಹಿಗ್ಗುವ ಗುಣ ಕೊಟ್ಟ ಎಲಾಸ್ಟಿನ್ ಎಳೆಗಳನ್ನು ಕತ್ತರಿಸುತ್ತವೆ. ಹಾಗಾದರೆ ಆ ಕಿಣ್ವ ತಡೆದರಾಯಿತಲ್ಲ? ಔಷಧಿ ಅಂಗಡಿಯಲ್ಲಿ ಸುಲಭವಾಗಿ ಸಿಗುವ ಡಾಕ್ಸಿಸೈಕ್ಲಿನ್ ಆ ಕೆಲಸ ಮಾಡುತ್ತದೆಂಬ ಆಸೆಯಿತ್ತು. ಎರಡು ವರ್ಷ ಕೊಟ್ಟು ನೋಡಿದ ಅಮೆರಿಕದ ಪ್ರಯೋಗದ ಫಲಿತಾಂಶ 2020ರಲ್ಲಿ ಬಂತು: ಉಬ್ಬು ಬೆಳೆಯುವುದು ನಿಧಾನವಾಗಲೇ ಇಲ್ಲ. ದೊಡ್ಡವರ ಹೊಟ್ಟೆಯ ಮಹಾಪಧಮನಿಯ ಉಬ್ಬಿಗೆ ಇವತ್ತಿಗೂ ಅಳತೆ ನೋಡುತ್ತಾ ಕಾಯುವುದು, ಸಿಗರೇಟು ಬಿಡುವುದು, ಹೊತ್ತು ಬಂದಾಗ ಶಸ್ತ್ರಚಿಕಿತ್ಸೆ.

ಗೆದ್ದದ್ದು ಮಕ್ಕಳ ವಿಷಯದಲ್ಲಿ. 1967ರಲ್ಲಿ ಜಪಾನಿನ ಮಕ್ಕಳ ವೈದ್ಯ ತೊಮಿಸಾಕು ಕವಾಸಾಕಿ ವರದಿ ಮಾಡಿದ ಜ್ವರದಲ್ಲಿ ಹೃದಯದ ನಾಳಗಳೇ ಉಬ್ಬಬಹುದು. ಯಶವಂತಪುರದಲ್ಲಿರಲಿ, ಆರ್.ಟಿ. ನಗರದಲ್ಲಿರಲಿ, ಐದು ದಿನವಾದರೂ ಇಳಿಯದ ಜ್ವರ, ಕೆಂಗಣ್ಣು, ಬಿರಿದ ಕೆಂಪು ತುಟಿ, ಊದಿದ ಅಂಗೈ ಕಂಡರೆ ಇದು ಕವಾಸಾಕಿ ಕಾಯಿಲೆಯೇ ಎಂದು ಮಕ್ಕಳ ವೈದ್ಯರ ಬಳಿ ಕೇಳಿಯೇ ಬಿಡಿ. ರಕ್ತದಾನಿಗಳ ಪ್ಲಾಸ್ಮಾದಿಂದ ತೆಗೆದ ಇಮ್ಯುನೋಗ್ಲೋಬ್ಯುಲಿನ್ನನ್ನು ಹತ್ತು ದಿನದೊಳಗೆ ಕೊಟ್ಟರೆ, ಸುಮಾರು ನಾಲ್ಕರಲ್ಲೊಂದು ಮಗುವಿಗೆ ಬರಬಹುದಾದ ಉಬ್ಬು ಇಪ್ಪತ್ತೈದರಲ್ಲೊಂದಕ್ಕೆ ಇಳಿಯುತ್ತದೆ.