ಯಾಕೆ ಹೊಡೆದರು?

(ನಂಜನಗೂಡು ಮತ್ತು ತಿ. ನರಸೀಪುರ ತಾಲ್ಲೂಕುಗಳ ಕಾರ್ಯಕರ್ತರ ಶಿಬಿರದಲ್ಲಿ ಆಡಿದ ಮಾತಿನ ಬರಹರೂಪ)



ಕಾನೂನಿನ ಬಗ್ಗೆ ಮಾತಾಡಿ ಅಂತ ನನ್ನನ್ನು ಕರೆದಿದ್ದೀರಿ. ಪುಸ್ತಕ ಪೂರ್ತಿ ಓದಿ ಹೇಳೋಕೆ ನಾನು ಬಂದಿಲ್ಲ. ಒಂದೇ ಒಂದು ಪ್ರಶ್ನೆ ಇಟ್ಕೊಂಡು ಬಂದಿದ್ದೀನಿ. ನಮ್ಮವನು ಹೊಡೆತ ತಿಂದು ಠಾಣೆ ಮೆಟ್ಟಿಲು ಹತ್ತಿದ ಕೂಡಲೇ ಕೇಳ್ತಾರಲ್ಲ, ಅದೇ ಪ್ರಶ್ನೆ: ‘ಯಾಕಯ್ಯಾ ಹೊಡೆದರು?’

ನಮ್ಮ ಜನ ಏನು ಹೇಳ್ತಾರೆ? ‘ನಾಲೆ ನೀರಿಗೆ ಜಗಳ ಆಯ್ತು ಸ್ವಾಮಿ.’ ಸುಳ್ಳಲ್ಲ. ಆದರೆ ಅರ್ಧ ನಿಜ. ಬರೆಯುವವನು ‘ನೀರಿನ ವಿಚಾರಕ್ಕೆ ಗಲಾಟೆ’ ಅಂತ ಬರಕೊಳ್ತಾನೆ, ಇವನು ಹೆಬ್ಬೆಟ್ಟು ಒತ್ತಿ ಬರ್ತಾನೆ. ವರ್ಷಗಳಾದ ಮೇಲೆ ಕೋರ್ಟಿನಲ್ಲಿ ಅವರ ವಕೀಲರು ಅದೇ ಕಾಗದ ಎತ್ತಿ ಹಿಡೀತಾರೆ: ಇದು ನೀರಿನ ಜಗಳ ಸ್ವಾಮಿ, ಜಾತಿ ಜಗಳ ಅಲ್ಲ.

ಖೈರ್ಲಾಂಜಿಯಲ್ಲಿ ಆದದ್ದು ಇದೇ. ಮಹಾರಾಷ್ಟ್ರದ ಭಂಡಾರಾ ಜಿಲ್ಲೆಯಲ್ಲಿ 2006ರ ಸೆಪ್ಟೆಂಬರ್ 29ರಂದು ಒಂದೇ ದಲಿತ ಕುಟುಂಬದ ನಾಲ್ವರನ್ನು ಕೊಂದರು. 2008ರಲ್ಲಿ ಕೊಲೆಗೆ ಶಿಕ್ಷೆ ಆಯಿತು. ಆದರೆ ದೌರ್ಜನ್ಯ ತಡೆ ಕಾಯ್ದೆ ಇಲ್ಲಿಗೆ ತಾಗೋದಿಲ್ಲ, ಇದು ಸೇಡಿನ ಕೊಲೆ ಅಂದಿತು ಕೋರ್ಟು. 2010ರಲ್ಲಿ ನಾಗಪುರದ ಹೈಕೋರ್ಟ್ ಪೀಠವೂ ಸೇಡು ಅಂತಲೇ ಹೇಳಿತು. ಸೇಡೇ ಇರಲಿ. ಇಷ್ಟು ಜನ ಸೇರಿ ಇಡೀ ಮನೆಯನ್ನೇ ಅಳಿಸಿಹಾಕುವ ಧೈರ್ಯ ಯಾರ ಮೇಲಿನ ಸೇಡಿಗೆ ಬರ್ತದೆ?

ಇದರ ಬೇರು ಕಾಯ್ದೆಯ ಒಂದು ಮಾತಿನಲ್ಲಿದೆ. 1989ರ ಕಾಯ್ದೆಯ ಸೆಕ್ಷನ್ 3(2)(5)ರಲ್ಲಿ, ಪರಿಶಿಷ್ಟ ಜಾತಿಯವನು ‘ಎಂಬ ಕಾರಣಕ್ಕೆ’ ಅಪರಾಧ ಮಾಡಿದ್ದರೆ ಅಂತ ಇತ್ತು. ಹೊಡೆದವನ ಎದೆಯೊಳಗಿನ ಕಾರಣವನ್ನು ಹೊಡೆಸಿಕೊಂಡವನು ತೆಗೆದು ತೋರಿಸಬೇಕು! ಈ ಮಾತಿನ ಮೇಲೆ ಎಷ್ಟೋ ಕೇಸು ಬಿದ್ದುಹೋದವು. 2016ರ ಜನವರಿ 26ರಿಂದ ತಿದ್ದುಪಡಿ ಜಾರಿಗೆ ಬಂದು ‘ಎಂದು ತಿಳಿದು’ ಅಂತಾಯಿತು. ಹೊಡೆದವನಿಗೆ ನಮ್ಮವನ ಅಥವಾ ಅವನ ಮನೆಯವರ ಪರಿಚಯ ಇತ್ತು ಅಂತಾದರೆ, ಜಾತಿ ಗೊತ್ತಿತ್ತು ಅಂತಲೇ ಕೋರ್ಟು ಭಾವಿಸಬೇಕು. ಗೊತ್ತಿರಲಿಲ್ಲ ಅಂತ ಸಾಬೀತು ಮಾಡೋದು ಅವನ ಕೆಲಸ. ನಮ್ಮ ಊರುಗಳಲ್ಲಿ ಯಾರ ಮನೆ ಯಾವ ಕೇರಿಲಿದೆ ಅಂತ ಗೊತ್ತಿಲ್ಲದವನು ಯಾರಿದ್ದಾನೆ ಹೇಳಿ?

ಹಾಗಂತ ‘ಯಾಕೆ’ ಅನ್ನೋದು ಸತ್ತುಹೋಗಿಲ್ಲ. ಜಾತಿನಿಂದನೆ ಕೇಸುಗಳಲ್ಲಿ ಅದು ಇನ್ನೂ ಬಾಗಿಲಲ್ಲೇ ನಿಂತಿದೆ. 2020ರ ಹಿತೇಶ್ ವರ್ಮಾ ಕೇಸಿನಲ್ಲಿ ಸುಪ್ರೀಂ ಕೋರ್ಟ್, ಇದು ಆಸ್ತಿ ತಗಾದೆ, ನಾಲ್ಕು ಗೋಡೆಯೊಳಗೆ ಆಡಿದ ಮಾತು ಅಂತ ಆ ಆರೋಪವನ್ನು ರದ್ದು ಮಾಡಿತು.

ಇದು ನಮ್ಮೊಬ್ಬರ ಪಾಡಲ್ಲ ಬಂಧುಗಳೇ. ದೇಶ ಬಿಟ್ಟು ಓಡಿ ಆಶ್ರಯ ಕೇಳುವವರದೂ ಇದೇ ಗೋಳು. 1951ರ ನಿರಾಶ್ರಿತರ ಒಪ್ಪಂದದ ಪ್ರಕಾರ ಹಿಂಸೆ ಆಯಿತು ಅಂದರೆ ಸಾಲದು. ಜನಾಂಗ, ಧರ್ಮ, ರಾಷ್ಟ್ರೀಯತೆ, ಸಾಮಾಜಿಕ ಗುಂಪು, ರಾಜಕೀಯ ಅಭಿಪ್ರಾಯ, ಇವುಗಳಲ್ಲೊಂದರ ಕಾರಣಕ್ಕೆ ಅಂತ ತೋರಿಸಬೇಕು. ಗ್ವಾಟೆಮಾಲಾದ ಒಬ್ಬ ಯುವಕನ ಮನೆಗೆ ಮುಸುಕು ಹಾಕಿದ ಬಂದೂಕುಧಾರಿಗಳು ಬಂದು ನಮ್ಮ ಪಡೆ ಸೇರು ಅಂದರು. ಅವನು ಒಲ್ಲೆ ಅಂದು ಅಮೆರಿಕಕ್ಕೆ ಓಡಿದ. ಅವರು ನಿನ್ನನ್ನು ಹುಡುಕೋದು ನಿನ್ನ ರಾಜಕೀಯ ಅಭಿಪ್ರಾಯಕ್ಕೆ ಅನ್ನೋದಕ್ಕೆ ಸಾಕ್ಷಿ ಎಲ್ಲಿ ಅಂತ 1992ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಅವನ ವಿರುದ್ಧ ತೀರ್ಪು ಕೊಟ್ಟಿತು. ಅದೇ ತೀರ್ಪಿನಲ್ಲಿ ನಾವು ಹಿಡಿಯಬೇಕಾದ ಒಂದು ಎಳೆಯೂ ಇದೆ: ಸಾಕ್ಷಿ ನೇರವೇ ಆಗಬೇಕಿಲ್ಲ, ಸಂದರ್ಭದ ಸಾಕ್ಷಿಯೂ ಆಗ್ತದೆ. 2021ರಲ್ಲಿ ನಮ್ಮ ಸುಪ್ರೀಂ ಕೋರ್ಟ್, ಕಣ್ಣು ಕಾಣದ ದಲಿತ ಯುವತಿಯ ಮೇಲಿನ ಅತ್ಯಾಚಾರದ ಪಟಾನ್ ಜಮಾಲ್ ವಲಿ ಕೇಸಿನಲ್ಲಿ, ಜಾತಿ ಹಲವು ಕಾರಣಗಳಲ್ಲಿ ಒಂದಾಗಿದ್ದರೂ ಸಾಕು ಅಂದಿತು. ಆದರೂ ಸಾಕ್ಷಿ ಬೇರೆಯಾಗಿ ಬಂದಿಲ್ಲ ಅಂತ ಆ ಕಲಂ ಬಿದ್ದುಹೋಯಿತು. ಅತ್ಯಾಚಾರದ ಜೀವಾವಧಿ ಶಿಕ್ಷೆ ಮಾತ್ರ ಉಳಿಯಿತು.

ಸಂದರ್ಭ ಅಂದರೆ ಏನು? ಇಲ್ಲೇ ನಮ್ಮ ಬದನವಾಳು ಇದೆ. 1993ರ ಮಾರ್ಚ್ 25ರಂದು ಮೂವರು ದಲಿತರು ಬಿದ್ದರು. ಆ ಒಂದು ದಿನವನ್ನಷ್ಟೇ ನೋಡಿದರೆ ಬರೀ ಹೊಡೆದಾಟದಂತೆ ಕಂಡೀತು. ಅದರ ಹಿಂದೆ ಸಿದ್ದೇಶ್ವರ ದೇವಸ್ಥಾನಕ್ಕೆ ದಲಿತರು ಕಾಲಿಟ್ಟ ಕಥೆ ಇಟ್ಟು ನೋಡಿ.

ಅದಕ್ಕೇ ಹೇಳೋದು, ದೂರು ಬರೆಯುವಾಗ ಹೊಡೆದ ದಿನದಿಂದ ಶುರು ಮಾಡಬೇಡಿ. ತಮಟೆ ಬಡಿಯಲ್ಲ ಅಂದದ್ದು ಯಾವಾಗ, ಹೋಟೆಲಿನಲ್ಲಿ ಲೋಟ ಕೇಳಿದ್ದು ಯಾವಾಗ, ಅಲ್ಲಿಂದ ಬರೀರಿ. ‘ಜಾತಿ ಹಿಡಿದು ಬೈದರು’ ಅಂತ ಬರೆದರೆ ಏನೂ ಬರೆದಂಗಲ್ಲ. ಬೈದ ಮಾತು ಅದೇ ಮಾತಾಗಿ ಬರಬೇಕು, ನಾಚಿಕೆ ಬೇಡ. ಎಲ್ಲಿ ನಿಂತು ಬೈದರು, ಯಾರ ಕಿವಿಗೆ ಬಿತ್ತು, ಅದೂ ಬರಲಿ. ಅದೇ ನೀರಿಗೆ ಅದೇ ದಿನ ಬೇರೆ ಜಾತಿಯವನೂ ಜಗಳ ಆಡಿದ್ನಾ? ಅವನಿಗೆ ಬೈಗುಳ, ನಿಮಗೆ ದೊಣ್ಣೆಯಾ? ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ಮಾರನೇ ದಿನ ಅಂಗಡಿಯಲ್ಲಿ ಸಾಮಾನು ಕೊಡದೆ ಕಳಿಸಿದ್ದರೆ ಅದನ್ನೂ ಸೇರಿಸಿ.

ಒಂದು ಎಚ್ಚರಿಕೆ. ಆಡದ ಮಾತನ್ನು ಆಡಿದರು ಅಂತ ಬರೆಸಬೇಡಿ. ನಾನೇ ಅರ್ಜಿ ಬರೆದುಕೊಟ್ಟ ಒಂದು ಕೇಸಿನಲ್ಲಿ ಹುಡುಗರ ಮಾತು ಕೇಳಿ ಒಂದು ಬೈಗುಳ ಸೇರಿಸಿದೆ. ಪಾಟೀ ಸವಾಲಿನಲ್ಲಿ ಆ ಮುದುಕಿ ‘ಅದು ನಂಗೆ ಕೇಳ್ಸಿಲ್ಲ ಕಣಪ್ಪ’ ಅಂದಳು. ಅವಳು ನಿಜ ಹೇಳಿದಳು, ತಪ್ಪು ನನ್ನದು. ಉಳಿದ ನಿಜವೂ ಅದರ ಜೊತೆ ಮುಳುಗಿತು.

ಇನ್ನೊಂದು. ಬಾಯಲ್ಲಿ ಹೇಳಿದ ದೂರನ್ನು ಬರೆದುಕೊಂಡ ಮೇಲೆ, ಸಹಿ ಹಾಕಿಸುವ ಮುಂಚೆ ಓದಿ ಹೇಳೋದು ಅಧಿಕಾರಿಯ ಕರ್ತವ್ಯ ಅಂತ ಸೆಕ್ಷನ್ 4ರಲ್ಲಿದೆ. ಪ್ರತಿ ಕೊಡೋದೂ ಅದರಲ್ಲೇ ಇದೆ. ‘ಓದಿ ಸ್ವಾಮಿ, ಕೇಳ್ತೀನಿ’ ಅನ್ನಿ. ಓದಿದಾಗ ‘ನೀರಿನ ವಿಚಾರಕ್ಕೆ’ ಅಂತ ಮಾತ್ರ ಬಂದರೆ, ಹೆಬ್ಬೆಟ್ಟು ಮಡಿಚಿಟ್ಟುಕೊಂಡು ಇನ್ನೊಂದು ಸಲ ಬರೆಸಿ.

ಈಗ ಊರೂರಿನವರು ನಿಮ್ಮ ನಿಮ್ಮ ಕೇಸಿನ ಕಾಗದ ತಂದಿದ್ದರೆ ತೆಗೀರಿ, ಒಟ್ಟಿಗೆ ಕೂತು ಓದೋಣ.