ಮನೆಯಲ್ಲಿ ಹೇಳುವಂತಿದ್ದರೆ

(ಸುವರ್ಣ ಮಹೋತ್ಸವದ ಅಂಗವಾಗಿ ವಿದ್ಯಾರ್ಥಿಗಳು ಮತ್ತು ಪೋಷಕರಿಗಾಗಿ ಏರ್ಪಡಿಸಿದ್ದ ಗೋಷ್ಠಿಯಲ್ಲಿ ಶಾಲೆಯ ಹಳೆಯ ವಿದ್ಯಾರ್ಥಿನಿ, ವಕೀಲರೊಬ್ಬರು ಮಾಡಿದ ಭಾಷಣದ ಬರಹರೂಪ)



ಸುವರ್ಣ ಮಹೋತ್ಸವದಲ್ಲಿ ಸಂತೋಷದ ಮಾತಾಡಬೇಕು. ಮೇಷ್ಟ್ರುಗಳ ಬೆತ್ತ, ಬಿಸಿಯೂಟ ಬರುವ ಮೊದಲಿನ ಕಾಲದ ಬುತ್ತಿ, ಸಿದ್ದರಬೆಟ್ಟ ಹತ್ತಿದ್ದು, ಇವನ್ನೆಲ್ಲ ಬೆಳಿಗ್ಗೆಯಿಂದ ಬೇರೆಯವರು ನನಗಿಂತ ಚೆನ್ನಾಗಿ ಹೇಳಿದ್ದಾರೆ. ನನಗೆ ಕೊಟ್ಟ ವಿಷಯ ಬೇರೆ. ಪ್ರೀತಿ ಪ್ರೇಮದ ಹೆಸರಿನಲ್ಲಿ ಹುಡುಗಿಯರ ಮೇಲೆ ನಡೆಯುವ ಹಿಂಸೆ, ಲೈಂಗಿಕ ದೌರ್ಜನ್ಯ, ಅದನ್ನು ತಡೆಯುವ ಬಗೆ. ಆಹ್ವಾನ ಪತ್ರಿಕೆಯಲ್ಲಿ ಇದನ್ನು 'ಹದಿಹರೆಯದ ಸಮಸ್ಯೆಗಳು' ಎಂದು ಅಚ್ಚು ಹಾಕಿಸಿದ್ದಾರೆ. ಅವರ ಸಂಕೋಚ ನನಗೆ ಅರ್ಥವಾಗುತ್ತದೆ. ಆದರೂ ನಾನು ಹೆಸರು ಹೇಳಿಯೇ ಮಾತಾಡುತ್ತೇನೆ.

ಪಟ್ಟಣದವರು ಇದನ್ನು 'ಡೇಟಿಂಗ್' ಎನ್ನುತ್ತಾರೆ. ನಮ್ಮ ಕಡೆ "ಅವರಿಬ್ರೂ ಲವ್ ಮಾಡ್ತಾವ್ರೆ" ಅನ್ನುವುದೇ ರೂಢಿ. ಹತ್ತನೇ ತರಗತಿ ಮುಗಿಸಿ ಕೊರಟಗೆರೆಗೋ ಮಧುಗಿರಿಗೋ ತುಮಕೂರಿಗೋ ಬಸ್ಸು ಹತ್ತುವ ವಯಸ್ಸಿನಲ್ಲಿ ಒಬ್ಬರ ಮೇಲೊಬ್ಬರಿಗೆ ಮನಸ್ಸಾಗುವುದು ಸಹಜ. ಅದನ್ನು ಅಪರಾಧ ಎನ್ನಲು ನಾನು ಬಂದಿಲ್ಲ. ಆ ಮನಸ್ಸು ಯಾವಾಗ ಹಿಡಿತವಾಗುತ್ತದೆ, ಹಿಡಿತ ಯಾವಾಗ ಏಟಾಗುತ್ತದೆ ಎಂಬುದನ್ನು ಹೇಳಬೇಕಾಗಿದೆ.

ಗುರುತು ಸಿಗದ ಹಾಗೆ ಒಂದು ಸಂಗತಿ ಹೇಳುತ್ತೇನೆ. ದೌರ್ಜನ್ಯಕ್ಕೆ ಒಳಗಾದವರ ಗುರುತು ಬಯಲು ಮಾಡುವುದು ಕಾನೂನಿನಲ್ಲೂ ಅಪರಾಧ. ಒಬ್ಬ ಹುಡುಗಿ, ಪಿಯುಸಿ ಓದುತ್ತಿದ್ದವಳು, ಇನ್ನೂ ಹದಿನೆಂಟು ತುಂಬಿರಲಿಲ್ಲ. ಬಸ್ಸಿನಲ್ಲಿ ಪರಿಚಯವಾದ ಹುಡುಗ. ಅವಳಿಗಿಂತ ನಾಲ್ಕು ವರ್ಷ ದೊಡ್ಡವನು. ಮೊದಲ ಎರಡು ತಿಂಗಳು ಎಲ್ಲ ಚೆನ್ನಾಗಿತ್ತು. ಆಮೇಲೆ ಫೋನಿನ ಪಾಸ್‌ವರ್ಡ್ ಕೇಳಿದ. "ನನ್ ಮೇಲೆ ನಂಬಿಕೆ ಇದ್ರೆ ಕೊಡು" ಅಂದ. ಕೊಟ್ಟಳು. ಕ್ಲಾಸಿನ ಹುಡುಗರ ನಂಬರೆಲ್ಲ ಅಳಿಸಿಹಾಕಿದ. ಮತ್ತೆ ಗೆಳತಿಯರ ಜೊತೆ ಕೂರಬೇಡ ಅಂದ. ಫೋನ್ ಎತ್ತುವುದು ತಡವಾದ ಒಂದು ದಿನ ಬಸ್‌ಸ್ಟ್ಯಾಂಡಿನ ಹಿಂದೆ ಕೆನ್ನೆಗೆ ಹೊಡೆದ, ಸಂಜೆ ಅಳುತ್ತಾ ಕ್ಷಮೆ ಕೇಳಿದ. ಅವನು ಅತ್ತಿದ್ದನ್ನು ಅವಳು ಪ್ರೀತಿ ಎಂದುಕೊಂಡಳು. ಇನ್ನೊಂದು ದಿನ ಅವಳು ಬೇಡವೆಂದರೂ ಕೇಳಲಿಲ್ಲ. ಅಂದು ಫೋಟೋ ತೆಗೆದುಕೊಂಡಿದ್ದ. ಅವಳು ಸಾಕು ಅಂದಾಗ ಆ ಫೋಟೋ ಹೊರಗೆ ಬಂತು: "ನಿಮ್ಮಪ್ಪನ ಫೋನ್‌ಗೆ ಕಳಿಸ್ತೀನಿ."

ಎಂಟು ತಿಂಗಳು ಅವಳು ಯಾರಿಗೂ ಹೇಳಲಿಲ್ಲ. ಏಕೆಂದು ನಾನು ಕೇಳಿದೆ. ಮಾನ ಹೋಗುತ್ತದೆ ಎನ್ನುತ್ತಾಳೆ ಎಂದುಕೊಂಡಿದ್ದೆ. ಅವಳು ಹೇಳಿದ್ದು ಇಷ್ಟು: "ಹೇಳಿದ್ರೆ ಕಾಲೇಜು ಬಿಡುಸ್ತಾರೆ ಮೇಡಂ."

ತಂದೆತಾಯಂದಿರೇ, ಇವತ್ತು ನಾನು ಹೇಳಬೇಕಾದ್ದೆಲ್ಲ ಆ ಒಂದು ಮಾತಿನಲ್ಲಿದೆ. ಆ ಹುಡುಗನ ಕೈಯಲ್ಲಿದ್ದ ಆಯುಧ ಫೋಟೋ ಅಂತ ನಾವು ತಿಳಿಯುತ್ತೇವೆ. ಆ ಫೋಟೋಗೆ ಬಲ ಬಂದದ್ದು ಅವಳ ಮನೆಯಿಂದ. ಮನೆಗೆ ಗೊತ್ತಾದ ದಿನ ಓದು ನಿಲ್ಲುತ್ತದೆ, ಫೋನ್ ಕಿತ್ತುಕೊಳ್ಳುತ್ತಾರೆ, ಗಂಡು ಹುಡುಕುತ್ತಾರೆ ಎಂದು ಅವನಿಗೂ ಗೊತ್ತು, ಅವಳಿಗೂ ಗೊತ್ತು. ಈ ಸಂಗತಿ ಇಬ್ಬರಿಗೂ ಗೊತ್ತಿರುವವರೆಗೂ ಅವನು ಹೇಳಿದಂತೆ ಅವಳು ಕುಣಿಯಬೇಕು.

ಕೊನೆಗೆ ಅವಳು ಬಾಯಿಬಿಟ್ಟದ್ದು ದೊಡ್ಡಮ್ಮನ ಹತ್ತಿರ. ಆ ಹೆಂಗಸು ಓದಿದವರಲ್ಲ, ಹುಣಸೆಹಣ್ಣು ಕುಟ್ಟಿ ಬೀಜ ಬಿಡಿಸುವ ಕೂಲಿ ಮಾಡುವವರು. "ನಿನ್ನ ಓದು ನಿಲ್ಲಲ್ಲ ಕಣಮ್ಮ, ಅದನ್ನ ನಾ ನೋಡ್ಕೋತೀನಿ, ಮಿಕ್ಕಿದ್ದು ಹೇಳು" ಅಂದರಂತೆ. ಆಪ್ತ ಸಮಾಲೋಚನೆಯ ತರಬೇತಿಗಳಿಗೆ ನಾನು ಹೋಗಿದ್ದೇನೆ. ಇಷ್ಟು ಸರಿಯಾದ ಮೊದಲ ಮಾತನ್ನು ಅಲ್ಲಿ ಕೇಳಿಲ್ಲ. ಮರುದಿನ ಅಪ್ಪನನ್ನೂ ಕರೆದುಕೊಂಡು ನನ್ನ ಆಫೀಸಿಗೆ ಬಂದರು. ಆ ಅಪ್ಪ ಬಹಳ ಹೊತ್ತು ನೆಲ ನೋಡುತ್ತಾ ಕುಳಿತಿದ್ದು, "ಅವ್ನಿಗೇ ಕೊಟ್ಟು ಮದ್ವೆ ಮಾಡ್ಬಿಟ್ರೆ ಹೆಂಗೆ ಮೇಡಂ?" ಅಂದರು. ಅವರು ಕೆಟ್ಟ ಮನುಷ್ಯರಲ್ಲ. ಅದು ಊರು ಕಲಿಸಿದ ಪ್ರಶ್ನೆ. ಹದಿನೆಂಟು ತುಂಬದ ಹುಡುಗಿಯ ಮದುವೆ, ಕರ್ನಾಟಕದ 2016ರ ತಿದ್ದುಪಡಿಯ ಪ್ರಕಾರ, ಮದುವೆಯೇ ಅಲ್ಲ, ಮೊದಲಿನಿಂದಲೇ ಅಸಿಂಧು. ಮಾಡಿಸಿದವರ ಮೇಲೂ ಕೇಸಾಗುತ್ತದೆ. ಕಾನೂನು ಪಕ್ಕಕ್ಕಿಟ್ಟು ನೋಡಿದರೂ, ಮದುವೆಗೆ ಮೊದಲೇ ಹೊಡೆದವನು ತಾಳಿ ಕಟ್ಟಿದ ಮೇಲೆ ಬಿಡುತ್ತಾನೆಯೇ? ದೂರು ದಾಖಲಾಯಿತು, ಅವನ ಫೋನ್ ಜಪ್ತಿಯಾಯಿತು. ಹುಡುಗಿ ಪರೀಕ್ಷೆ ಬರೆದಳು. ಕೇಸು ಇನ್ನೂ ನಡೆಯುತ್ತಿದೆ.

ಈಗ ಹುಡುಗರಿಗೆ. ಅಪ್ಪಂದಿರೇ, ನೀವೂ ಕೇಳಿಸಿಕೊಳ್ಳಿ. 2024ರ ಏಪ್ರಿಲ್‌ನಲ್ಲಿ ಹುಬ್ಬಳ್ಳಿಯ ಕಾಲೇಜೊಂದರ ಆವರಣದಲ್ಲಿ ಒಬ್ಬ ವಿದ್ಯಾರ್ಥಿನಿಯನ್ನು ಚಾಕುವಿನಿಂದ ಇರಿದು ಕೊಂದರು. ಆರೋಪಿ ಅವಳಿಗೆ ಪರಿಚಯವಿದ್ದ ಹುಡುಗ. ತಿಂಗಳು ಕಳೆಯುವುದರೊಳಗೆ, ಮೇನಲ್ಲಿ, ಅದೇ ಊರಿನಲ್ಲಿ ಇನ್ನೊಬ್ಬ ಯುವತಿಯನ್ನು ಬೆಳಗಿನ ಜಾವ ಅವಳ ಮನೆಗೇ ನುಗ್ಗಿ ಕೊಂದರು. ಅವನ ಬೆದರಿಕೆಯ ವಿಷಯ ಪೊಲೀಸರಿಗೆ ಮೊದಲೇ ಹೇಳಿದ್ದೆವು, ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ ಎಂದು ಮನೆಯವರು ದೂರಿದರು. ಠಾಣೆಯವರ ಅಮಾನತೂ ಆಯಿತು. ಮೊದಲ ಕೊಲೆಯಾದಾಗ ಟಿವಿಯಲ್ಲಿ ಬರೀ ಧರ್ಮದ ಚರ್ಚೆ. ಎರಡನೆಯದು ಆದಾಗ ಆ ಚರ್ಚೆಗೆ ಅವಕಾಶವಿರಲಿಲ್ಲ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಹೆಣ್ಣೊಬ್ಬಳು ಬೇಡ ಅಂದಳು ಎಂಬ ಸಿಟ್ಟೇ ಎರಡರ ಹಿಂದೆಯೂ ಕೇಳಿಬಂದ ಕಾರಣ. ಇದು ಹೊಸದೂ ಅಲ್ಲ. 1999ರಲ್ಲಿ ಬೆಂಗಳೂರಿನ ಹಸೀನಾ ಹುಸೇನ್ ಅವರ ಮೇಲೆ ಆ್ಯಸಿಡ್ ಸುರಿದವನು ಅವರು ಮೊದಲು ಕೆಲಸ ಮಾಡುತ್ತಿದ್ದ ಕಂಪನಿಯ ಮಾಲೀಕ. ಅವನ ಜೊತೆ ಕೆಲಸ ಮಾಡಲು ಒಲ್ಲೆ ಅಂದದ್ದೇ ಅವರ ತಪ್ಪು! ಹೈಕೋರ್ಟ್ ಅವನಿಗೆ ಜೀವಾವಧಿ ಶಿಕ್ಷೆ ಕೊಟ್ಟಿತು. ಹಸೀನಾ ಅವರ ಕಣ್ಣು ಹೋದದ್ದು ಹೋಯಿತು.

ನಮ್ಮ ಸಿನಿಮಾಗಳಲ್ಲಿ ನಾಯಕ ಹಿಂದೆ ಬಿದ್ದು, ಕಾಡಿ, ಬೇಡಿ, ಕೊನೆಗೆ ಅವಳಿಂದ 'ಹೂಂ' ಅನ್ನಿಸುತ್ತಾನೆ. ನಾವೆಲ್ಲ ಶಿಳ್ಳೆ ಹೊಡೆದು ನೋಡಿದ್ದೇವೆ. ಅದನ್ನೇ ತೋವಿನಕೆರೆ ಬಸ್‌ಸ್ಟಾಪಿನಲ್ಲಿ ಮಾಡಿದರೆ ಭಾರತೀಯ ನ್ಯಾಯ ಸಂಹಿತೆಯ 78ನೇ ಕಲಂ. ಇಷ್ಟವಿಲ್ಲ ಎಂದು ಅವಳು ಸ್ಪಷ್ಟವಾಗಿ ತೋರಿಸಿದ ಮೇಲೂ ಪದೇ ಪದೇ ಹಿಂಬಾಲಿಸುವುದು, ಮಾತಾಡಿಸುವುದು, ಫೋನಿನಲ್ಲಿ ಅವಳು ಏನು ಮಾಡುತ್ತಾಳೆಂದು ಕದ್ದು ನೋಡುವುದು, ಎಲ್ಲವೂ ಅದರಲ್ಲಿ ಬರುತ್ತವೆ. ಮೊದಲ ಸಲ ಮೂರು ವರ್ಷದವರೆಗೆ ಜೈಲು, ಎರಡನೇ ಸಲ ಐದು.

ಪೋಕ್ಸೊ ಕಾಯ್ದೆ ಜಾರಿಗೆ ಬಂದದ್ದು 2012ರ ನವೆಂಬರ್ 14ರಂದು. ಹದಿನೆಂಟು ತುಂಬದ ಹುಡುಗಿ 'ಹೂಂ' ಅಂದರೂ ಕಾನೂನಿಗೆ ಅದು ಒಪ್ಪಿಗೆಯಲ್ಲ. ಅತ್ಯಾಚಾರದಂಥ ಕೃತ್ಯಕ್ಕೆ ಕನಿಷ್ಠ ಹತ್ತು ವರ್ಷ. ಹುಡುಗಿಗೆ ಹದಿನಾರು ತುಂಬಿರದಿದ್ದರೆ ಕನಿಷ್ಠ ಇಪ್ಪತ್ತು. ಈ ಕಾಯ್ದೆ ಗಂಡುಮಕ್ಕಳಿಗೂ ಅಷ್ಟೇ ರಕ್ಷಣೆ ಕೊಡುತ್ತದೆ, ಅದನ್ನು ಬಹಳ ಜನ ಮರೆಯುತ್ತಾರೆ. ಇಬ್ಬರೂ ಮನಸಾರೆ ಮೆಚ್ಚಿಕೊಂಡ ಸಂದರ್ಭದಲ್ಲೂ ಹುಡುಗ ಜೈಲಿಗೆ ಹೋಗುತ್ತಿದ್ದಾನಲ್ಲ ಎಂಬ ಪ್ರಶ್ನೆ ಇದೆ, ಅದು ನ್ಯಾಯವಾದ ಪ್ರಶ್ನೆ. ನಮ್ಮ ಹೈಕೋರ್ಟಿನ ಧಾರವಾಡ ಪೀಠ 2022ರ ನವೆಂಬರ್‌ನಲ್ಲಿ ಈ ವಯಸ್ಸಿನ ಬಗ್ಗೆ ಮತ್ತೆ ಯೋಚಿಸಬೇಕೆಂದಿತು. 2023ರಲ್ಲಿ ಕಾನೂನು ಆಯೋಗ ವಯಸ್ಸು ಇಳಿಸುವುದು ಬೇಡವೆಂದಿತು. ಧಾರವಾಡ ಪೀಠ ಹೇಳಿದ ಇನ್ನೊಂದು ಮಾತು ನನಗೆ ಹೆಚ್ಚು ಮುಖ್ಯವೆನಿಸುತ್ತದೆ: ಒಂಬತ್ತನೇ ತರಗತಿಯಿಂದಲಾದರೂ ಮಕ್ಕಳಿಗೆ ಈ ಕಾಯ್ದೆಯ ಬಗ್ಗೆ ಪಾಠ ಹೇಳಿ ಎಂದು. ಈ ಸಭೆಯ ಮುಂದಿನ ಸಾಲಿನಲ್ಲಿರುವುದು ಅದೇ ತರಗತಿಯ ಮಕ್ಕಳು.

ಮಕ್ಕಳೇ, ಲಕ್ಷಣಗಳನ್ನು ಗುರುತಿಸುವುದು ಕಷ್ಟವೇನಲ್ಲ. ನಿಮ್ಮ ಫೋನನ್ನು ಪರೀಕ್ಷೆ ಮಾಡುವವನು, ಗೆಳತಿಯರಿಂದ ದೂರ ಮಾಡುವವನು, ಮುನಿಸಿಕೊಂಡಾಗಲೆಲ್ಲ ಕೈ ಕುಯ್ದುಕೊಳ್ಳುತ್ತೇನೆ, ಔಷಧಿ ಕುಡಿಯುತ್ತೇನೆ ಎಂದು ಹೆದರಿಸುವವನು, ಇವರು ನಿಮ್ಮನ್ನು ಪ್ರೀತಿಸುತ್ತಿಲ್ಲ, ಕಟ್ಟಿಹಾಕುತ್ತಿದ್ದಾರೆ. ಒಮ್ಮೆ ಒಪ್ಪಿದ್ದಕ್ಕೆ ಇನ್ನೊಮ್ಮೆ ಒಪ್ಪಲೇಬೇಕೆಂದಿಲ್ಲ. ಸುಮ್ಮನಿದ್ದದ್ದು ಒಪ್ಪಿಗೆಯಲ್ಲ, ಹೆದರಿ ತಲೆಯಾಡಿಸಿದ್ದಂತೂ ಅಲ್ಲವೇ ಅಲ್ಲ.

ಏನಾದರೂ ಆಗಿಹೋದರೆ ಮೆಸೇಜುಗಳನ್ನು ಅಳಿಸಬೇಡಿ, ಹಾಕಿದ್ದ ಬಟ್ಟೆ ಒಗೆಯಬೇಡಿ. ಮೊದಲು ಆಸ್ಪತ್ರೆಗೆ ಹೋಗಿ. ಸರ್ಕಾರಿಯಾಗಲಿ ಖಾಸಗಿಯಾಗಲಿ, ಯಾವ ಆಸ್ಪತ್ರೆಯೂ ಹಣ ಕೇಳದೆ ತಕ್ಷಣ ಚಿಕಿತ್ಸೆ ಕೊಡಬೇಕು, ಪೊಲೀಸ್ ಕಾಗದ ತನ್ನಿ ಅನ್ನುವಂತಿಲ್ಲ. ಹೇಳಿಕೆ ಕೊಡಲು ಮಗು ಠಾಣೆಗೆ ಹೋಗಬೇಕಾಗಿಲ್ಲ. ಪೊಲೀಸರು ಮಗುವಿನ ಮನೆಗೇ, ಸಮವಸ್ತ್ರವಿಲ್ಲದೆ ಬರಬೇಕು; ಸಾಧ್ಯವಾದಷ್ಟೂ ಮಹಿಳಾ ಅಧಿಕಾರಿಯೇ ಬರಬೇಕು. ಘಟನೆ ಎಲ್ಲೇ ನಡೆದಿರಲಿ, ಹತ್ತಿರದ ಠಾಣೆಯವರು ದೂರು ಬರೆದುಕೊಳ್ಳಲೇಬೇಕು. ಮೇಷ್ಟ್ರುಗಳಿಗೂ ಒಂದು ಮಾತು: ಇಂಥದ್ದು ತಿಳಿದೂ ಸುಮ್ಮನಿದ್ದರೆ, ಶಾಲೆಯ ಹೆಸರು ಕೆಡುತ್ತದೆ ಎಂದು ಮುಚ್ಚಿಟ್ಟರೆ, ಪೋಕ್ಸೊ ಪ್ರಕಾರ ಅದೂ ಅಪರಾಧ. ಊರಿನ ಹಿರಿಯರು ಸೇರಿ ರಾಜಿ ಮಾಡಿಸುವ ಪ್ರಕರಣವೂ ಇದಲ್ಲ.

ಮನೆಗೆ ಹೋದ ಮೇಲೆ ತಂದೆತಾಯಂದಿರು ಒಂದು ಕೆಲಸ ಮಾಡಬೇಕು. ರಾತ್ರಿ ಮುದ್ದೆ ಉಣ್ಣುವಾಗ, ಏನೂ ಆಗಿಲ್ಲದ ದಿನವೇ, ಮಗಳಿಗೆ ಹೇಳಿಬಿಡಿ: "ಯಾವನಾದ್ರೂ ಏನಾದ್ರೂ ಮಾಡಿದ್ರೆ ನಮ್ಗೆ ಹೇಳು, ನಿನ್ನ ಓದು ನಿಲ್ಸಲ್ಲ." ಮಗನಿಗೂ ಹೇಳಿ: "ಹುಡುಗಿ ಬೇಡ ಅಂದ್ರೆ ಮನೆಗೆ ಬಾ, ಅತ್ತರೂ ಪರವಾಗಿಲ್ಲ." ಮಗ ಅತ್ತದ್ದನ್ನು ನಕ್ಕು ಆಡಿಕೊಳ್ಳಬೇಡಿ.

ಮಕ್ಕಳ ಸಹಾಯವಾಣಿ 1098, ಮಹಿಳಾ ಸಹಾಯವಾಣಿ 181, ತುರ್ತಿಗೆ ಪೊಲೀಸ್ 112. ಮೂರನ್ನೂ ಹೆಡ್‌ಮಾಸ್ಟರ್ ಕೋಣೆಯ ಹೊರಗೋಡೆಯ ಮೇಲೆ ಬರೆಸುತ್ತೇವೆಂದು ಹಳೆಯ ವಿದ್ಯಾರ್ಥಿಗಳ ಸಂಘದವರು ಒಪ್ಪಿದ್ದಾರೆ. ಬಾಲಕಿಯರ ಶೌಚಾಲಯದ ಬಾಗಿಲ ಒಳಬದಿಯಲ್ಲೂ ಬರೆಸಿ, ಯಾರ ಕಣ್ಣಿಗೂ ಬೀಳದೆ ಓದಿಕೊಳ್ಳುವ ಜಾಗ ಅದೊಂದೇ. ನನ್ನ ಬಸ್ಸು ಐದು ಗಂಟೆಗೆ. ಅಲ್ಲಿಯವರೆಗೂ ಲೈಬ್ರರಿ ಕೋಣೆಯಲ್ಲಿ ಕುಳಿತಿರುತ್ತೇನೆ, ಯಾರು ಬಂದು ಮಾತಾಡಿಸಿದರೂ ಸರಿ.